ಟೀಕಾಚಾರ್ಯರ ಟೀಕೆ

ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳಿಗೆ ‘ಪರಿಮಳಾಚಾರ್ಯ’ರೆಂಬ ಹೆಸರೂ ಉಂಟು. ‘ನ್ಯಾಯಸುಧಾ’ ಗ್ರಂಥಕ್ಕೆ ಅವರು ಬರೆದ ‘ಪರಿಮಳ’ವೆಂಬ ಟಿಪ್ಪಣಿಯಿಂದ ಬಂದ ಹೆಸರದು. ಆ ನ್ಯಾಯಸುಧೆಯೂ ಒಂದು ಟೀಕೆಯೇ. ಮಧ್ವಾಚಾರ್ಯರ ‘ಅನುವ್ಯಾಖ್ಯಾನ’ಕ್ಕೆ 14ನೆಯ ಶತಮಾನದ ಜಯತೀರ್ಥರು ಬರೆದದ್ದು. ಮಧ್ವರ ಅಡಕವಾದ ಮಾತನ್ನು ಬಿಡಿಸಿಕೊಟ್ಟದ್ದಕ್ಕೇ ಜಯತೀರ್ಥರು ‘ಟೀಕಾಚಾರ್ಯ’ರಾದರು. ಮಾಧ್ವ ಮಠಗಳಲ್ಲಿ ಸುಧೆಯ ಪಾಠ ಇಂದಿಗೂ ವರ್ಷಗಟ್ಟಲೆ ನಡೆಯುತ್ತದೆ. ಮುಗಿದಾಗ ‘ಸುಧಾಮಂಗಳ’ವೆಂಬ ಉತ್ಸವ.

ಒಂದು ಕಾಲಕ್ಕೆ ಬಿರುದಾಗಿದ್ದ ‘ಟೀಕೆ’ ಎಂಬ ಪದ ಈಗ ಬೈಗುಳದ ನೆರೆಮನೆಯಲ್ಲಿದೆ. ಸಂಸ್ಕೃತದಲ್ಲಿ ‘ಟೀಕ್’ ಧಾತುವಿಗೆ ಹೋಗು, ಸಾಗು ಎಂದರ್ಥ. ಗ್ರಂಥದ ಅರ್ಥಕ್ಕೆ ನಮ್ಮನ್ನು ಮುಟ್ಟಿಸುವುದು ಟೀಕೆ ಎಂದು ನಿಘಂಟುಕಾರರು ಬಿಡಿಸಿದ್ದಾರೆ. ಪದಗಳನ್ನು ಒಡೆದು ಹೇಳಿದರೆ ಪಂಜಿಕೆ, ಎಡೆಬಿಡದೆ ವ್ಯಾಖ್ಯಾನಿಸಿದರೆ ಟೀಕೆ ಎಂದು 12ನೆಯ ಶತಮಾನದ ಹೇಮಚಂದ್ರನ ಲೆಕ್ಕ. ಆ ‘ಎಡೆಬಿಡದೆ’ ಎಂಬುದರಲ್ಲೇ ಎಲ್ಲ ಇದೆ. ಟೀಕಾಕಾರ ಮೂಲದ ಮೊದಲ ಒಂದೆರಡು ಪದಗಳನ್ನು ಪ್ರತೀಕವಾಗಿ ಎತ್ತಿಕೊಳ್ಳುತ್ತಾನೆ. ಸಂಧಿ ಬಿಡಿಸುತ್ತಾನೆ, ಪದಾರ್ಥ ಹೇಳುತ್ತಾನೆ, ಸಮಾಸಕ್ಕೆ ವಿಗ್ರಹವಾಕ್ಯ ಕೊಡುತ್ತಾನೆ, ಅನ್ವಯ ಕೂಡಿಸುತ್ತಾನೆ. ಇಷ್ಟಾದ ಮೇಲೆ ಆಕ್ಷೇಪವನ್ನು ತಾನೇ ಎತ್ತಿ ಸಮಾಧಾನವನ್ನೂ ತಾನೇ ಹೇಳುತ್ತಾನೆ. ಎದುರಾಳಿಯ ವಾದವನ್ನು ಪೂರ್ತಿ ಮಂಡಿಸದೆ ಖಂಡಿಸುವಂತಿಲ್ಲ. ನಮ್ಮ ಇಂದಿನ ಬಳಕೆ ಆಕ್ಷೇಪವೊಂದನ್ನು ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಕೈಬಿಟ್ಟಿದೆ. ಇದು ಸಣ್ಣ ನಷ್ಟವಲ್ಲ.

ಕನ್ನಡ ನಾಡಿಗೆ ಈ ಪರಿಶ್ರಮ ಹೊಸದಾಗಿರಲಿಲ್ಲ. ತಮ್ಮ ಗುರು ವೀರಸೇನರು ಅರ್ಧಕ್ಕೆ ಬಿಟ್ಟಿದ್ದ ‘ಜಯಧವಲಾ’ ಟೀಕೆಯನ್ನು ಜೈನಾಚಾರ್ಯ ಜಿನಸೇನರು ಮುಗಿಸಿದ್ದು 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ. ಅದರ ಓಲೆಗರಿಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದವು. ಕನ್ನಡದಲ್ಲೇ ಇದ್ದ ‘ಚೂಡಾಮಣಿ’ ಎಂಬ ವ್ಯಾಖ್ಯಾನದ ಪ್ರಮಾಣ 96,000 ಶ್ಲೋಕಗಳಷ್ಟೆಂದು ವೈಯಾಕರಣ ಭಟ್ಟಾಕಳಂಕ 1604ರಲ್ಲಿ ಹೇಳಿಕೊಂಡು ಹೆಮ್ಮೆಪಟ್ಟಿದ್ದಾನೆ; ಆ ಕೃತಿ ನಮಗೆ ದಕ್ಕಿಲ್ಲ. ಮುಂದೆ ಒಗಟಿನಂಥ ಬೆಡಗಿನ ವಚನಗಳಿಗೆ ಶರಣ ಪರಂಪರೆಯವರು ಬರೆದ ಟೀಕೆಗಳು ಇಲ್ಲದಿದ್ದರೆ, ಅಲ್ಲಮನ ಎಷ್ಟೋ ಮಾತುಗಳ ಬಾಗಿಲು ನಮಗೆ ತೆರೆಯುತ್ತಿರಲಿಲ್ಲ.

ಆದರೆ ಇಂದು ಪುಸ್ತಕಗಳ ಬಗ್ಗೆ ನಮ್ಮ ಪತ್ರಿಕೆಗೆ ಬರುವ ಬರಹಗಳಲ್ಲಿ ತೀರ್ಪು ಮೊದಲ ಸಾಲಿನಲ್ಲೇ ಇರುತ್ತದೆ, ಓದು ಎಲ್ಲೋ ಕೊನೆಗೆ. ಹಾಗಾಗಿ ಮುಂದಿನ ಸಂಚಿಕೆಯಿಂದ ‘ಟೀಕೆ’ ಎಂಬ ಹೆಸರಿನಲ್ಲೇ ಒಂದು ಅಂಕಣ ಆರಂಭಿಸುತ್ತಿದ್ದೇವೆ. ಒಂದೇ ವಚನ, ಒಂದೇ ಷಟ್ಪದಿ ಅಥವಾ ಒಂದೇ ಹೊಸ ಕವಿತೆಯನ್ನು ಆಯ್ದು, ಒಂದು ಪದವನ್ನೂ ದಾಟದೆ ಬರೆದು ಕಳಿಸಿ. ಆಕ್ಷೇಪವಿದ್ದರೆ ಧಾರಾಳವಾಗಿ ಇರಲಿ, ಅನ್ವಯ ಮುಗಿದ ಮೇಲೆ.