ಚಿಂಬಲ್‌ಗೆ ಮಾಲ್ ಬೇಡ. ಮಾಲು ಮಾರುವವರಿಗೆ ಜಾಗ?

ಪಣಜಿಯಿಂದ ಹಳೇ ಗೋವೆಗೆ ಹೋಗುವ ಬೈಪಾಸ್ ರಸ್ತೆಯ ಪಕ್ಕದ ಚಿಂಬಲ್ ಎಂಬ ಊರು 2025ರ ಡಿಸೆಂಬರ್ ಕೊನೆಯಿಂದ ಗೋವೆಯ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ತೊಯ್ಯಾರ್ ಕೆರೆಯ ಹತ್ತಿರ ಯುನಿಟಿ ಮಾಲ್, ಅದರ ಜೊತೆಗೆ ಪ್ರಶಾಸನ ಸ್ತಂಭ ಎಂಬ ಸರ್ಕಾರಿ ಕಚೇರಿಗಳ ಕಟ್ಟಡ ಬೇಡವೇ ಬೇಡ ಎಂದು ಊರವರು ಧರಣಿ ಕೂತರು, ಉಪವಾಸ ಮಾಡಿದರು, ಕೋರ್ಟು ಹತ್ತಿದರು. ಕೆರೆಯ ನೀರಿಗೆ ಕುತ್ತು ಬರುತ್ತದೆ ಎಂಬುದು ಅವರ ಮುಖ್ಯ ಮಾತು. ಕೆರೆ ಕೆಳಗೆ ಗದ್ದೆ ಇರುವ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾಲ್ ಯಾವುದು ಅಂತ ಕೇಳುವವರಿಗೆ ಎರಡು ಮಾತು. 2023ರ ಕೇಂದ್ರ ಬಜೆಟ್‌ನಲ್ಲಿ ಪ್ರತಿ ರಾಜ್ಯವೂ ತನ್ನ ರಾಜಧಾನಿಯಲ್ಲೋ ಪ್ರವಾಸಿಗಳು ಬರುವ ಊರಲ್ಲೋ ಒಂದೊಂದು ಯುನಿಟಿ ಮಾಲ್ ಕಟ್ಟಲಿ ಎಂದು ಹೇಳಲಾಯಿತು. ಜಿಲ್ಲೆಗೊಂದು ಉತ್ಪನ್ನ, ಜಿ.ಐ. ಗುರುತಿನ ಸರಕು, ಕೈಕಸುಬಿನ ಸಾಮಾನು ಅಲ್ಲಿ ಮಾರಾಟಕ್ಕೆ. ಐವತ್ತು ವರ್ಷದ ಬಡ್ಡಿಯಿಲ್ಲದ ಸಾಲವಾಗಿ ರಾಜ್ಯಗಳಿಗೆಲ್ಲ ಸೇರಿ 5,000 ಕೋಟಿ ರೂಪಾಯಿ ತೆಗೆದಿಟ್ಟರು. ಬೇರೆ ರಾಜ್ಯದ ಸರಕಿಗೂ ಅಲ್ಲಿ ಅಂಗಡಿ ಉಂಟು. ಅಂದರೆ 2011ರಲ್ಲಿ ಜಿ.ಐ. ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿ ಗಾಜಿನ ಕಪಾಟಿನಲ್ಲಿ ಕೂರಬಹುದು.

ಒಳ್ಳೆಯದೇ. ಆದರೆ ಬ್ಯಾಡಗಿ ಮೆಣಸಿನಕಾಯಿ ಗೋವೆಗೆ ಹೋಗಲು ಮಾಲ್‌ಗಾಗಿ ಕಾದಿಲ್ಲ. ಮಳೆಗಾಲಕ್ಕೆ ಮುಂಚೆ ಪುರುಮೆಂತ್ ಎಂದು ಗೋವೆಯವರು ಒಣಮೀನು, ಉಳ್ಳಾಗಡ್ಡಿ, ಮೆಣಸಿನಕಾಯಿ ಕೂಡಿಟ್ಟುಕೊಳ್ಳುವ ಕಾಲದಲ್ಲಿ ಅದು ಗೋಣಿತಾಟಿನ ಮೇಲೆ ರಸ್ತೆ ಬದಿ ಕೂತೇ ಮಾರಾಟವಾಗುತ್ತದೆ. ಮಾರುವವರಲ್ಲಿ ಎಷ್ಟೋ ಜನ ನಮ್ಮ ಕಡೆಯವರು.

ಅದೇ ಚಿಂಬಲ್ ಪಂಚಾಯತಿಯಲ್ಲಿ ಇಂದಿರಾನಗರ ಎಂಬ ಕೇರಿ ಇದೆ. ಕರ್ನಾಟಕದಿಂದ ದುಡಿಯಲು ಹೋದವರು ತುಂಬಿದ ಕೇರಿ. ಗಾರೆ ಕೆಲಸ, ಮನೆಗೆಲಸ, ತರಕಾರಿ ಬುಟ್ಟಿ, ಚಹದ ಗೂಡಂಗಡಿ. ಮಾಲ್ ಗಲಾಟೆಯ ಸುದ್ದಿಯಲ್ಲಿ ಕೆರೆ ಬಂತು, ಕಟ್ಟಡ ಬಂತು, ಮಂತ್ರಿಗಳು ಬಂದರು. ಊರಿನ ಸಣ್ಣ ಪೇಟೆಯನ್ನು ಏನು ಮಾಡುವುದು ಅನ್ನುವ ಮಾತು ಮಾತ್ರ ಹಿಂದೆ ಉಳಿಯಿತು. ನನ್ನ ತಕರಾರು ಇರುವುದು ಅಲ್ಲಿ. ಮಾಲ್ ಬೇಡ ಎಂದ ಊರು ತನ್ನ ಪೇಟೆ ಹೇಗಿರಬೇಕು ಅಂತಲೂ ತಾನೇ ಹೇಳಬೇಕಲ್ಲ? ಊರವರು ಹೇಳದಿದ್ದರೆ ನಾಳೆ ಮತ್ತೊಬ್ಬ ನಕ್ಷೆ ಹಿಡಿದುಕೊಂಡು ಬರುತ್ತಾನೆ.

ಇದು ಗೋವೆಯವರ ಮನೆ ವಿಚಾರ, ನಮಗೇಕೆ ಅನ್ನಬೇಡಿ. ಗೋವೆ ತಿನ್ನುವ ತರಕಾರಿಯ ದೊಡ್ಡ ಪಾಲು ಬೆಳಗಾವಿಯಿಂದ ಚೋರ್ಲಾ, ಅನಮೋಡ ಘಾಟು ಇಳಿದು ಹೋಗುತ್ತದೆ. ಗೋವಾ ತೋಟಗಾರಿಕೆ ನಿಗಮ ಸಬ್ಸಿಡಿ ದರಕ್ಕೆ ಮಾರುವ ತರಕಾರಿಯೂ ಬಹುಮಟ್ಟಿಗೆ ಅಲ್ಲಿಂದಲೇ. 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿ ಲಾರಿಗಳು ನಿಂತಾಗ ಅಲ್ಲಿ ಅಡಿಗೆಮನೆ ಬಣಗುಟ್ಟಿದವು, ಇಲ್ಲಿ ಕೋಸು, ಟೊಮ್ಯಾಟೊ ಹೊಲದಲ್ಲೇ ಕೊಳೆತವು. ನಾವು ಎ.ಪಿ.ಎಂ.ಸಿ. ದರವನ್ನು ದಿನಾ ನೋಡುತ್ತೇವೆ. ಆ ದರದ ಕೊನೆಯ ಹತ್ತು ಮಾರು ದೂರವನ್ನು ತಲೆಮೇಲೆ ಹೊತ್ತು ಮುಗಿಸುವವಳು ಎಲ್ಲಿ ಕೂರುತ್ತಾಳೆ ಅಂತ ಯಾರೂ ಕೇಳುವುದಿಲ್ಲ.

ನಮ್ಮೂರ ಹೆಣ್ಣುಮಗಳೊಬ್ಬಳು ಹಂಗೆ ಕೂರುತ್ತಾಳೆ. ಬೆಳಗ್ಗೆ ಪಣಜಿಯಲ್ಲಿ ಬುಟ್ಟಿ, ಸಂಜೆ ಚಿಂಬಲ್‌ನಲ್ಲಿ ಉಳಿದ ಮಾಲು. ಮಾರುಕಟ್ಟೆಯಲ್ಲಿ ಕೂತದ್ದಕ್ಕೆ ಕೊಡುವ ರೊಕ್ಕಕ್ಕೆ ಗೋವೆಯಲ್ಲಿ ಸೋಪೊ ಅಂತಾರೆ. ನಮ್ಮಲ್ಲಿ ಅದು ಸಂತೆ ಸುಂಕ, ಗಡಿ ದಾಟಿ ತೆಲುಗು ಸೀಮೆಗೆ ಹೋದರೆ ಆಶೀಲು. ಹೆಸರು ಮೂರು, ಹರಾಜು ಹಿಡಿದ ಗುತ್ತಿಗೆದಾರನ ಕೈ ಮಾತ್ರ ಎಲ್ಲ ಕಡೆ ಒಂದೇ! ಚೀಟಿ ಇಟ್ಟುಕೊಂಡಿದ್ದೀಯೇನಮ್ಮ ಎಂದೆ. ‘ಇಟ್ಕೊಂಡು ಏನ್ ಮಾಡ್ಲಿ ಅಣ್ಣಾ, ನಾಳೆ ಮತ್ತ ಕೊಡೋದು ತಪ್ತದೇನು?’ ಅಂದಳು. ಸಂಜೆ ಕಸದ ಜೊತೆ ಚೀಟಿಯನ್ನೂ ಗುಡಿಸಿಬಿಡುತ್ತಾಳಂತೆ. ಇಪ್ಪತ್ತು ವರ್ಷದಿಂದ ಆಕೆ ಇಲ್ಲಿ ವ್ಯಾಪಾರ ಮಾಡಿದ್ದಾಳೆ ಎನ್ನುವುದಕ್ಕೆ ಇರುವ ಒಂದೇ ಪುರಾವೆ ದಿನಾ ತಿಪ್ಪೆ ಸೇರುತ್ತಿದೆ.

ಪುರಾವೆಗೆ ಬೆಲೆ ಯಾಕೆ ಬಂತೆಂದರೆ ಕಾನೂನು ಅದನ್ನೇ ಕೇಳುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಗಟ್ಟಿಯಾದ ಕಾಯ್ದೆ. ಸರ್ವೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದವರು ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ಆದರೆ ಆ ಕಾಯ್ದೆ ಹೆಸರಿಸುವುದು ನಗರಪಾಲಿಕೆ, ಪುರಸಭೆ, ನಗರ ಪಂಚಾಯತಿಗಳನ್ನು. ಚಿಂಬಲ್ ಗ್ರಾಮ ಪಂಚಾಯತಿ. ಜನಗಣತಿಯವರು ಮಾತ್ರ ಅದನ್ನು ಜನಗಣತಿ ಪಟ್ಟಣ ಎಂದು ಬರೆದುಕೊಂಡಿದ್ದಾರೆ. 2001ರಲ್ಲೇ ಅಲ್ಲಿ ಸುಮಾರು 12 ಸಾವಿರ ಜನ. ಎಣಿಸುವಾಗ ಪಟ್ಟಣ, ಹಕ್ಕು ಕೇಳುವಾಗ ಹಳ್ಳಿ. ನಮ್ಮ ಹೆಣ್ಣುಮಗಳು ಪಣಜಿಯಲ್ಲಿ ಬೆಳಗ್ಗೆ ಬೀದಿ ವ್ಯಾಪಾರಿ, ಸಂಜೆ ಊರಿಗೆ ಬಂದರೆ ಏನೂ ಅಲ್ಲ.

ಈಗ ಒಂದು ಬಾಗಿಲು ಸ್ವಲ್ಪ ತೆರೆದಿದೆ. ಕೋವಿಡ್ ವರ್ಷದಲ್ಲಿ ಶುರುವಾದ ಪಿ.ಎಂ. ಸ್ವನಿಧಿ ಸಾಲವನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 2030ರ ಮಾರ್ಚ್ ತನಕ ಮುಂದುವರಿಸಿತು. ಮೊದಲ ಕಂತು 10 ಸಾವಿರ ಇದ್ದದ್ದು 15 ಸಾವಿರ, ಎರಡನೆಯದು 20 ಇದ್ದದ್ದು 25 ಸಾವಿರ, ಮೂರನೆಯದು ಮೊದಲಿನಂತೆ 50 ಸಾವಿರ. ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇಕಡಾ 7 ವಾಪಸು. ಮುಖ್ಯವಾದ ಮಾತು: ಯೋಜನೆಯನ್ನು ಹಂತಹಂತವಾಗಿ ಜನಗಣತಿ ಪಟ್ಟಣಗಳಿಗೂ ಹಬ್ಬಿಸುತ್ತೇವೆ ಎಂದಿದ್ದಾರೆ. ಚಿಂಬಲ್‌ನಂಥ ಊರಿನ ಸರದಿ ಬಂದ ದಿನ ಅಧಿಕಾರಿ ಮೊದಲು ಕೇಳುವುದು ‘ಪಟ್ಟಿ ಎಲ್ಲಿ?’ ಅಂತ. ದಿನಬಡ್ಡಿಗೆ ಬೆಳಗ್ಗೆ ತಂದು ಸಂಜೆ ಕಟ್ಟುವವರಿಗೆ 15 ಸಾವಿರ ಅಂದರೆ ಎಷ್ಟು ಅಂತ ಸಂತೆ ಕಂಡವರಿಗೆ ಗೊತ್ತು.

ಪಟ್ಟಿಯನ್ನು ಸರ್ಕಾರ ಮಾಡಲಿ ಅಂತ ಕೂತರೆ ಆಗುವುದಲ್ಲ. ವ್ಯಾಪಾರಿಗಳೇ ಮಾಡಿಕೊಳ್ಳಬೇಕು. ಬರೇ ಕನ್ನಡದವರ ಪಟ್ಟಿ ಮಾಡಿದರೆ ಅದು ಜಗಳದ ಪಟ್ಟಿ ಆಗುತ್ತದೆ. ಮೀನಿನ ಬುಟ್ಟಿಯ ಕೊಂಕಣಿ ಬಾಯಿ, ಸೈಕಲ್ ಮೇಲೆ ಪಾವ್ ತರುವ ಪೊದೇರ, ಕೆರೆ ಉಳಿಸಲು ಕೂತ ಊರವರು ತಮ್ಮ ಗದ್ದೆಯ ಸೊಪ್ಪು ತಂದರೆ ಅವರೂ ಅದರೊಳಗೆ ಇರಬೇಕು. ಒಂದು ಲೆಕ್ಕ ನೋಡ್ರಿ: ಅರವತ್ತು ಮಂದಿ ಇದ್ದಾರೆ ಅಂತ ಇಟ್ಟುಕೊಳ್ಳಿ. ತಲೆಗೆ ದಿನಕ್ಕೆ ಐದು ರೂಪಾಯಿ ಅಂದರೆ ತಿಂಗಳಿಗೆ ಒಂಬತ್ತು ಸಾವಿರ. ಅದರಲ್ಲಿ ಒಬ್ಬರಿಗೆ ಕಸ ಗುಡಿಸುವ ಕೂಲಿ, ನಾಲ್ಕು ದೀಪ, ಕುಡಿಯುವ ನೀರಿನ ಡ್ರಮ್ ಆದೀತು. ಬುಟ್ಟಿಯ ಸಾಲು ಬಸ್ ನಿಲ್ಲುವ ಜಾಗಕ್ಕೆ ಬರದಂತೆ ಸುಣ್ಣದ ಗೆರೆ ಹಾಕಿಕೊಳ್ಳಬಹುದು. ಹೆಂಗಸರಿಗೊಂದು ಪಾಯಖಾನೆ ಮಾತ್ರ ಈ ರೊಕ್ಕದಲ್ಲಿ ಆಗುವುದಲ್ಲ, ಅದನ್ನು ಪಂಚಾಯತಿ ಕಟ್ಟಬೇಕು. ಗೆರೆ, ಕಸ ಎರಡನ್ನೂ ತಾವೇ ನೋಡಿಕೊಂಡವರು ಗ್ರಾಮಸಭೆಯಲ್ಲಿ ನಿಂತು ಕೇಳಿದರೆ ಇಲ್ಲ ಅನ್ನುವುದು ಪಂಚರಿಗೂ ಕಷ್ಟ.

ವ್ಯಾಪಾರಿಗಳು ಸೇರಿದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಅಂತ ನಾನು ನಂಬಿದವನಲ್ಲ. ಬೆಳಗಾವಿಯಲ್ಲೇ ನೋಡಿದ್ದೇವೆ. ವರ್ತಕರು ಕೂಡಿ ಕಟ್ಟಿದ ಖಾಸಗಿ ತರಕಾರಿ ಮಾರುಕಟ್ಟೆ 2022ರಲ್ಲಿ ಶುರುವಾಯಿತು, ಎ.ಪಿ.ಎಂ.ಸಿ. ಅಂಗಳ ಖಾಲಿ ಹೊಡೆಯಿತು, ರೈತರು ತಕರಾರು ತೆಗೆದರು, 2025ರಲ್ಲಿ ಪರವಾನಗಿಯೇ ರದ್ದಾಯಿತು. ಅಷ್ಟು ಬಂಡವಾಳ ಹಾಕಿದವರ ಕಷ್ಟ ಒಂದು ಕಡೆ ಇರಲಿ. ಮಾರುಕಟ್ಟೆಯ ಜಗಲಿಯಲ್ಲಿ ಬೆಳೆದವನಿಗೂ ಕೊಳ್ಳುವವನಿಗೂ ಜಾಗ ಇರಲಿಲ್ಲ ಅನ್ನುವುದು ಇನ್ನೊಂದು ಕಡೆ. ಚಿಂಬಲ್‌ನ ಸಮಿತಿಯಲ್ಲಿ ದಿನಾ ಕೊಳ್ಳುವ ಊರ ಹೆಂಗಸರು ಇಬ್ಬರಾದರೂ ಬೇಕು.

ನೆಲದ ಭಯ ಬೇರೆ ಇದೆ. ವಾಸ್ಕೋದ ಬೈನಾದಲ್ಲಿ 2004ರಲ್ಲಿ, ಮತ್ತೆ 2015ರಲ್ಲಿ ಕನ್ನಡಿಗರ ಮನೆ ಕೆಡವಿದ್ದನ್ನು ಮರೆತವರಿಲ್ಲ. ರಸ್ತೆಬದಿಯ ಅನಧಿಕೃತ ಕಟ್ಟಡಗಳ ಬಗ್ಗೆ 2025ರ ಮಾರ್ಚ್‌ನಲ್ಲಿ ಗೋವೆಯ ಹೈಕೋರ್ಟ್ ಪೀಠ ಕಟ್ಟುನಿಟ್ಟಾದ ಆದೇಶ ಕೊಟ್ಟಿತು. ಅದಾದ ಮೇಲೆ ಅಲ್ಲಿನ ಸರ್ಕಾರ ಕಾನೂನು ತಿದ್ದಿ 2014ರ ಫೆಬ್ರವರಿ 28ರ ಮುಂಚಿನ ಮನೆಗಳಿಗೆ ದಾರಿ ಮಾಡಿತು. ದಾರಿ ಆಗಿರುವುದು ವಾಸದ ಮನೆಗೆ, ರಸ್ತೆಬದಿಯ ಗೂಡಂಗಡಿಗೆ ಅಲ್ಲ ಎಂಬುದು ನೆನಪಿರಲಿ.

ಭಾಷೆಯ ಮಾತೂ ಆಡಿಬಿಡುತ್ತೇನೆ. ಘಾಟಿನ ಮೇಲಿನಿಂದ ಬಂದವರನ್ನು ‘ಘಾಂಟಿ’ ಎಂದು ಮೂದಲಿಸುವವರು ಅಲ್ಲಿದ್ದಾರೆ. ಕೇಳಿದರೆ ಹೊಟ್ಟೆ ಉರಿಯುತ್ತದೆ. ಹಾಗಂತ ಕನ್ನಡ ಬೋರ್ಡು ಹಾಕಿ ಎದೆ ಉಬ್ಬಿಸಿದರೆ ಬುಟ್ಟಿಗೆ ಜಾಗ ಸಿಗುವುದಿಲ್ಲ. ತೆಲುಗು ಸೀಮೆಗೆ ಹೋದಾಗ ನಾವು ತೆಲುಗಿನಲ್ಲೇ ಚೌಕಾಶಿ ಮಾಡುವುದಿಲ್ಲವೇ? ಸಮಿತಿಯ ಪುಸ್ತಕ ಕೊಂಕಣಿಯಲ್ಲೂ ಇರಲಿ, ಕನ್ನಡದಲ್ಲೂ ಇರಲಿ. ಹೆಸರು, ಎಂದಿನಿಂದ ಕೂರುತ್ತಾರೆ, ಏನು ಮಾರುತ್ತಾರೆ, ಮಾಲು ಯಾವ ಊರಿನದು, ಆ ದಿನದ ಚೀಟಿ ಅಂಟಿಸಲು ಒಂದು ಕಾಲಂ. ಪ್ರತಿ ತಿಂಗಳ ನಕಲು ಪಂಚಾಯತಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು.

ಮುಂದಿನ ಮೆಣಸಿನಕಾಯಿ ಲೋಡಿನ ಜೊತೆ ಒಂದು ಡಜನ್ ಉದ್ದ ನೋಟ್‌ಬುಕ್ಕು ಕಳಿಸುತ್ತೇನೆ ಎಂದು ಆಕೆಗೆ ಹೇಳಿ ಬಂದೆ. ‘ಕಳಿಸಣ್ಣಾ, ಬರಿಯಾಕ ನನ್ನ ಮಗಳು ಅದಾಳ. ಇಲ್ಲೇ ಸಾಲಿ ಕಲಿತಾಳ, ಕೊಂಕಣಿನೂ ಬರೀತಾಳ. ಅಂಟು ಬಾಟ್ಲಿ ಒಂದು ಮರೀಬ್ಯಾಡ’ ಅಂದಳು.