ಓಡುವ ಗಾಡಿ, ನಿಂತ ಗಾಡಿ

ಬೇಲೂರಿಗೆ ಹೋಗಿ ಬಂದವರು ಚನ್ನಕೇಶವನ ಗುಡಿಯನ್ನು ಕುರಿತು ಬರೆಯುವುದು ವಾಡಿಕೆ. ನಾವು ಈ ವಾರ ಆ ಊರಿನ ಒಂದು ಮೋಟಾರು ಕಾರನ್ನು ಕುರಿತು ಬರೆಯಹೊರಟಿದ್ದೇವೆ, ವಾಚಕರು ಮನ್ನಿಸಬೇಕು. ಗುಡಿಯ ಮಾತೂ ನಡುವೆ ಬಾರದಿರದು.

ಕಾರು ಇಟಲಿಯ ಫಿಯೆಟ್ ಮನೆತನದ್ದು. 'ಪಾಲಿಯೋ' ಬಳಗಕ್ಕೆ ಸೇರಿದ, 'ಅಡ್ವೆಂಚರ್' ಎಂಬ ಹೆಸರಿನ ಗಾಡಿ. ೨೦೦೪ರಲ್ಲಿ ನೋಂದಣಿಯಾದದ್ದು. ಅದರ ಒಡೆಯರು ನಮ್ಮ ಮಿತ್ರರು, ವೃತ್ತಿಯಿಂದ ಉಪನ್ಯಾಸಕರು. ಬೇಲೂರಿನ ಮನೆಯಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರು. ದಿನವೂ ಹೋಗಿ ಬರುತ್ತಾರೆ. ಮಕ್ಕಳು ಊರಿಗೆ ಬರುವ ದಿನ ಜಾವಗಲ್ಲಿನ ಮೇಲೆ ಅರಸೀಕೆರೆಯ ರೈಲು ನಿಲ್ದಾಣದವರೆಗೂ ಅದೇ ಗಾಡಿ ಹೋಗಬೇಕು. ಮನೆಯಲ್ಲಿ ಬೇರೆ ವಾಹನವಿಲ್ಲ. ಹಳೆಯ ಕಾರುಗಳನ್ನು ಒರೆಸಿ, ಹೊದಿಸಿ, ವರ್ಷಕ್ಕೊಮ್ಮೆ ಮೆರವಣಿಗೆ ತೆಗೆಯುವ ಶ್ರೀಮಂತರ ಹವ್ಯಾಸ ಇದಲ್ಲ. ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಆ ಕಾರಣದಿಂದ.

ಇಂಥ ಗಾಡಿಗೆ ಇಂಗ್ಲಿಷರು ಇಟ್ಟ ಹೆಸರು 'ಎಸ್ಟೇಟ್ ಕಾರು'. ಮಾಡು ಹಿಂದಿನ ಬಾಗಿಲಿನವರೆಗೂ ಒಂದೇ ಸಮನೆ ಚಾಚಿರುತ್ತದೆ. ಹಿಂದಿನ ಆಸನವನ್ನು ಮಡಿಸಿದರೆ ಸಣ್ಣದೊಂದು ಉಗ್ರಾಣವೇ ಆಗುತ್ತದೆ. ಹಳ್ಳಿಗಾಡಿನ ದೊಡ್ಡ ಜಮೀನುಗಳಿಗೆ ಅತಿಥಿಗಳನ್ನೂ ಅವರ ಪೆಟ್ಟಿಗೆಗಳನ್ನೂ ಸಾಗಿಸಲು ಹುಟ್ಟಿದ್ದರಿಂದ ಆ ಹೆಸರು. ಬೇಲೂರು, ಸಕಲೇಶಪುರ, ಮೂಡಿಗೆರೆಗಳ ಕಡೆ 'ಎಸ್ಟೇಟ್' ಎಂದರೆ ಕಾಫಿಯ ತೋಟವೆಂದೇ ಅರ್ಥವಾಗಿರುವಾಗ, ಈ ಮಾತು ಹೊಂದಿಕೊಳ್ಳುವ ನೆಲ ಇದಕ್ಕಿಂತ ಬೇರೆ ಬೇಕೆ? ಆದರೂ ನಮ್ಮ ಜನ ಇಂಥ ಕಾರನ್ನು ಒಲಿಯಲೇ ಇಲ್ಲ. ಟಾಟಾದವರು ೧೯೯೨ರಲ್ಲಿ 'ಎಸ್ಟೇಟ್' ಎಂಬ ಹೆಸರನ್ನೇ ಇಟ್ಟು ತಂದರು. ಮಾರುತಿಯವರು 'ಆಲ್ಟೂರಾ' ತಂದರು. ಫಿಯೆಟ್ಟಿನವರು 'ವೀಕೆಂಡ್' ತಂದು ಬಳಿಕ 'ಅಡ್ವೆಂಚರ್' ತಂದರು. ಒಂದೂ ನಿಲ್ಲಲಿಲ್ಲ. ಕಾರಿಗೆ ಹಿಂದೊಂದು ಡಿಕ್ಕಿ ಉಬ್ಬಿಕೊಂಡಿದ್ದರೇ ಗೌರವ, ಇಲ್ಲವಾದರೆ ಆಂಬುಲೆನ್ಸು ಎಂಬ ಭಾವನೆ ನಮ್ಮಲ್ಲಿ ಬೇರೂರಿತ್ತು. ಆಲೂಗಡ್ಡೆಯ ಮೂಟೆಯನ್ನೂ ಅತ್ತೆಯವರನ್ನೂ ಒಂದೇ ಮಾಡಿನ ಕೆಳಗೆ ಕೂರಿಸುವುದು ಮರ್ಯಾದೆಯಲ್ಲವೆಂದು ಬಗೆದರೋ ಏನೋ.

ಇಟಲಿಯವರ ಬುದ್ಧಿ ಬೇರೆ. ೧೯೫೩ರಲ್ಲಿ ಫಿಯೆಟ್ ೧೧೦೦ರ ಹೊಸ ಮಾದರಿ ಹೊರಬಂದಾಗ, ಅದೇ ವರ್ಷ ಅದಕ್ಕೊಂದು ವೇಗದ ರೂಪವನ್ನೂ, ಮರುವರ್ಷ 'ಫಮಿಲಿಯಾರೆ' ಎಂಬ ಸಂಸಾರದ ರೂಪವನ್ನೂ ಕೊಟ್ಟರು. ವೇಗಕ್ಕೂ ಸಂಸಾರಕ್ಕೂ ವಿರೋಧವಿಲ್ಲವೆಂಬ ಈ ನಂಬಿಕೆ ೨೦೦೨ರಲ್ಲಿ ಆಲ್ಫಾ ರೋಮಿಯೋದವರ ೧೫೬ ಎಸ್ಟೇಟಿಗೆ ೩.೨ ಲೀಟರಿನ, ೨೫೦ ಅಶ್ವಶಕ್ತಿಯ ಎಂಜಿನ್ ಕೂರಿಸುವವರೆಗೂ ಹೋಯಿತು. ಅಂಥದ್ದು ನಮ್ಮ ರಸ್ತೆಗೆ ಬರಲಿಲ್ಲ. ನಮಗೆ ದೊರೆತದ್ದು ಟುರಿನ್ನಿನಲ್ಲಿ ರೂಪುಗೊಂಡು, ೧೯೯೬ರಲ್ಲಿ ಬ್ರೆಜಿಲಿನಲ್ಲಿ ಮೊದಲು ತಯಾರಾಗಿ, ಬಳಿಕ ಭಾರತಕ್ಕೆ ಬಂದ ಬಳಗದ ಈ ಗಾಡಿ. ೧.೬ ಲೀಟರಿನ ಎಂಜಿನ್; ಶಕ್ತಿ ಸುಮಾರು ನೂರು ಅಶ್ವ. ಪದ್ಮಿನಿಯ ನಲವತ್ತರ ಮುಂದೆ ಇದನ್ನಿಟ್ಟು ನೋಡಿದರೆ, ಆ ಕಾಲದ ಚಾಲಕರಿಗೆ ಇದು ಏನೆಂದು ತೋರಿರಬೇಕೆಂಬುದು ತಿಳಿದೀತು. ಹಗರೆಯ ದಾರಿಯ ಏರಿನಲ್ಲಿ ಲಾರಿಯೊಂದನ್ನು ಹಿಂದಿಕ್ಕುವಾಗ ಮಿತ್ರರ ಮುಖದಲ್ಲಿ ನಾವು ಕಂಡ ಉಲ್ಲಾಸವನ್ನು ತರಗತಿಯಲ್ಲಿ ಅವರ ವಿದ್ಯಾರ್ಥಿಗಳು ಎಂದೂ ಕಂಡಿರಲಾರರು. ಪೆಟ್ರೋಲನ್ನು ಅದು ಧಾರಾಳವಾಗಿಯೇ ಕುಡಿಯುತ್ತದೆಂಬುದನ್ನೂ ಮರೆಮಾಚಬಾರದು.

ಪದ್ಮಿನಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಮೋಟಾರು ಕಾರ್ಖಾನೆಯೊಂದನ್ನು ಭಾರತದಲ್ಲಿ ಕಟ್ಟಬೇಕೆಂದು ೧೯೩೦ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಪರದೇಶ ಸುತ್ತಿ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ವಾಲಚಂದ್ ಹೀರಾಚಂದರು ಜೊತೆಗೂಡಿದರು; ಮೈಸೂರು ಸರ್ಕಾರವೂ ಸಿದ್ಧವಾಗಿತ್ತು; ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲಚಂದರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯನ್ನು ಹುಟ್ಟುಹಾಕಿದರು. ಫಿಯೆಟ್ಟು ನಮಗೆ ಬಂದದ್ದು ಆ ಬಾಗಿಲಿನಿಂದ. ೧೯೭೪ರಲ್ಲಿ ಅದೇ ಗಾಡಿ ಪದ್ಮಿನಿಯಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದದ್ದು ೨೦೨೩ರ ಅಕ್ಟೋಬರಿನಲ್ಲಿ. ೨೦೧೯ರ ವೇಳೆಗೆ ಫಿಯೆಟ್ ಹೆಸರಿನ ಹೊಸ ಕಾರುಗಳ ಮಾರಾಟವೇ ನಮ್ಮ ದೇಶದಲ್ಲಿ ನಿಂತುಹೋಗಿತ್ತು. ಮಿತ್ರರ ಕಷ್ಟದ ಮೂಲ ಇಲ್ಲಿದೆ.

ಎರಡು ವರ್ಷಗಳ ಕೆಳಗೆ ಅದರ ಟೈಮಿಂಗ್ ಬೆಲ್ಟ್ ಬದಲಾಯಿಸುವ ಕಾಲ ಬಂತು. ಎಂಜಿನ್ನಿನ ಕೆಳಗಿನ ದಂಡಕ್ಕೂ ಮೇಲಿನ ದಂಡಕ್ಕೂ ತಾಳ ತಪ್ಪದಂತೆ ನೋಡಿಕೊಳ್ಳುವ ಹಲ್ಲಿನ ರಬ್ಬರು ಪಟ್ಟಿ ಅದು. ಓಡುತ್ತಿರುವಾಗ ಕಡಿದರೆ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯುತ್ತದೆ. ಬಳಿಕ ಉಳಿಯುವುದು ಗುಜರಿ. ನಗರದ ಕಾರ್ಯಾಗಾರವೊಂದಕ್ಕೆ ಒಯ್ದರು. ಅಲ್ಲಿಯವರು ಗಾಡಿಯ ಮುಚ್ಚಳವನ್ನೂ ಎತ್ತದೆ, "ಇದನ್ನು ಮಾರಿಬಿಡಿ ಸಾರ್" ಎಂದರು. ಮಾರಲು ಹೋದರೆ ಬೆಲೆಯೆಂಬುದು ಅದರ ಚಕ್ರಗಳ ಬೆಲೆಗಿಂತ ಹೆಚ್ಚೇನಲ್ಲ. ಕೊನೆಗೆ ಬಿಡಿಭಾಗಗಳು ಮುಂಬಯಿಯ ಹಳೆಯ ದಾಸ್ತಾನಿನಿಂದ ಬಂದುವು. ಕೆಲಸ ಮಾಡಿದವರು ಬೇಲೂರಿನವರೇ ಆದ ಒಬ್ಬ ವೃದ್ಧ ಮೇಸ್ತ್ರಿ. ಎಳೆಯ ವಯಸ್ಸಿನಲ್ಲಿ ತೋಟದ ಸಾಹುಕಾರರ ಫಿಯೆಟ್ಟುಗಳಲ್ಲಿ ಕೈಪಳಗಿಸಿಕೊಂಡವರು. ಈ ಎಂಜಿನ್ನನ್ನು ಅವರು ಹಿಂದೆ ಕಂಡಿರಲಿಲ್ಲ. ಮಿತ್ರರು ಕೈಪಿಡಿಯ ಇಂಗ್ಲಿಷನ್ನು ಓದಿ ಹೇಳಿದರು, ಮೇಸ್ತ್ರಿಗಳು ಗುರುತುಗಳನ್ನು ಸೀಮೆಸುಣ್ಣದಿಂದ ಬರೆದುಕೊಂಡರು. ಎರಡು ದಿನ ಹಿಡಿಯಿತು.

ಆ ಎರಡು ದಿನ ಕೇಳಿದ ಕನ್ನಡವನ್ನು ಮಿತ್ರರು ಇನ್ನೂ ನೆನೆಯುತ್ತಾರೆ. ಎಂಜಿನ್ನು ಕೆಮ್ಮುತ್ತದೆ, ಕ್ಲಚ್ಚು ಜಾರುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ, ಬೋಲ್ಟಿನ ಮರೆ ಸತ್ತಿದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಪಾರಿಭಾಷಿಕ ಪದಗಳಿಲ್ಲದೆ ಕನ್ನಡ ಬಡವಾಗಿದೆಯೆಂದು ನಾವು ಪರಿಷತ್ತುಗಳಲ್ಲಿ ಕೊರಗುತ್ತಿದ್ದ ಕಾಲದಲ್ಲಿಯೂ, ಮರದ ಕೆಳಗೆ ಎಣ್ಣೆಮೈಯಲ್ಲಿ ಕುಳಿತವರು ಯಂತ್ರವನ್ನು ಪ್ರಾಣಿಯಂತೆ ತಿಳಿದು ಅದಕ್ಕೆ ಕ್ರಿಯಾಪದಗಳನ್ನು ಕೊಟ್ಟಿದ್ದರು. ಈ ಭಾಷೆಯನ್ನು ಯಾರೂ ಬರೆದಿಟ್ಟುಕೊಂಡಂತೆ ಕಾಣೆವು. ಮೇಸ್ತ್ರಿಗಳ ಮಗ ಮೊಬೈಲು ಅಂಗಡಿ ಇಟ್ಟಿದ್ದಾನೆ.

ಹಳೆಯ ಗಾಡಿಯನ್ನು ದಿನವೂ ಓಡಿಸುವುದು ಅದನ್ನು ಸವೆಸುವುದೆಂದು ಸಾಮಾನ್ಯರ ಎಣಿಕೆ. ವಾಸ್ತವ ತಿರುವುಮುರುವಾಗಿದೆ. ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ಬ್ರೇಕಿನ ತಟ್ಟೆ ತುಕ್ಕು ಹಿಡಿಯುತ್ತದೆ, ರಬ್ಬರಿನ ಬಿರಡೆಗಳು ಒಣಗಿ ಬಿರಿಯುತ್ತವೆ. ಮಲೆನಾಡಿನ ಅಂಚಿನಲ್ಲಿ ಇಲಿಗಳು ಒಳಹೊಕ್ಕು ತಂತಿಗಳನ್ನು ಕಡಿಯುತ್ತವೆ. ಇದಕ್ಕೆ ಈಚೆಗೆ ಇನ್ನೊಂದು ಸೇರಿದೆ. ೨೦೨೫ರ ವೇಳೆಗೆ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ವ್ಯಾಪಿಸಿತು. ಎಥನಾಲು ತೇವವನ್ನು ಹೀರುತ್ತದೆ. ಅದಕ್ಕೆಂದು ತಯಾರಿಸದ ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುತ್ತದೆ. ವಾರಗಟ್ಟಲೆ ತೊಟ್ಟಿಯಲ್ಲಿ ನಿಂತರೆ ಕೇಡು ಹೆಚ್ಚು. ದಿನವೂ ಹೊಸದಾಗಿ ತುಂಬಿ ಸುಟ್ಟರೆ ಕಡಿಮೆ. ಮಿತ್ರರು ಕೊಳವೆಗಳನ್ನು ಬದಲಾಯಿಸಿದ್ದಾರೆ. ಆದಿತ್ಯವಾರವೂ ಒಂದು ಸುತ್ತು ಹೋಗಿ ಬರುತ್ತಾರೆ.

ಇಲ್ಲಿ ಗುಡಿಯ ಮಾತು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ದೇವಾಲಯ ಹಾಗೆಯೇ ನಿಂತಿದೆಯೆಂದು ಪ್ರವಾಸಿಗಳು ಭಾವಿಸುತ್ತಾರೆ. ಹಾಗೇನೂ ಇಲ್ಲ. ವಿಜಯನಗರದ ಕಾಲದಲ್ಲಿ, ೧೩೮೧ರಲ್ಲಿ, ಬಿರುಕುಬಿಟ್ಟ ಮೇಲ್ಭಾಗಕ್ಕೆ ಆಸರೆಯಾಗಿ ನಾಲ್ಕು ಕಂಬ ಕೊಟ್ಟರು. ೧೩೯೭ರಲ್ಲಿ ಮಹಾದ್ವಾರದ ಗೋಪುರವನ್ನು ಮತ್ತೆ ಕಟ್ಟಿದರು. ೧೮೭೯ರಲ್ಲಿ ಒಳಗೋಡೆಗಳಿಗೆ ಅಪಾಯವೆಂದು ಇಟ್ಟಿಗೆ ಮರಗಳ ಶಿಖರವನ್ನೇ ಇಳಿಸಿಬಿಟ್ಟರು. ಅಂದರೆ ಇದು ರಿಪೇರಿಯಾದ ದೇವಾಲಯ. ರಿಪೇರಿ ಮಾಡಿದರು, ಏಕೆಂದರೆ ಒಳಗೆ ದಿನವೂ ಪೂಜೆಯಿತ್ತು. ಸೋರುವ ಮಾಡಿನ ಕೆಳಗೆ ನಿಂತವರಿಗೆ ಸೋರುವುದು ತಿಳಿಯುತ್ತದೆ. ೨೦೨೩ರಲ್ಲಿ ಯುನೆಸ್ಕೊ ಬಂದು ಪಟ್ಟಿಯಲ್ಲಿ ಸೇರಿಸಿಕೊಂಡದ್ದು ಆ ಮೇಲಿನ ಮಾತು. ಕಾರನ್ನು ಗುಡಿಗೆ ಹೋಲಿಸಿದೆವೆಂದು ಆಸ್ತಿಕರು ಮುನಿಯಬಾರದು. ಹೋಲಿಸಿದ್ದು ಬಳಸಿ ಉಳಿಸುವ ಬಗೆಯನ್ನು ಮಾತ್ರ.

ಸರ್ಕಾರದ ದೃಷ್ಟಿ ಬೇರೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೧೯ರಲ್ಲಿ ಮಿತ್ರರು ಕಟ್ಟಿದ್ದು ೬೦೦ ರೂಪಾಯಿ. ೨೦೨೨ರ ಏಪ್ರಿಲಿನಿಂದ ಅದು ೫,೦೦೦ ಆಯಿತು. ೨೦೨೪ರಲ್ಲಿ ಅದನ್ನೂ ಕಟ್ಟಿದರು. ೨೦೨೫ರ ಆಗಸ್ಟಿನ ಅಧಿಸೂಚನೆಯಂತೆ ಇಪ್ಪತ್ತು ವರ್ಷ ಮೀರಿದ ಕಾರಿಗೆ ೧೦,೦೦೦. ಹಳೆಯ ಎಂಜಿನ್ನಿನ ಹೊಗೆ ಹೆಚ್ಚು ಕೆಟ್ಟದ್ದು, ಅಲಕ್ಷಿತ ಬ್ರೇಕು ಪರರ ಪ್ರಾಣಕ್ಕೂ ಎರವು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಹೊಗೆಯನ್ನು ಅಳೆಯಲಿ, ಬ್ರೇಕನ್ನು ಪರೀಕ್ಷಿಸಲಿ, ಕಟ್ಟುನಿಟ್ಟಾಗಿಯೇ ಪರೀಕ್ಷಿಸಲಿ. ತಪ್ಪಿದ್ದನ್ನು ರಸ್ತೆಯಿಂದ ಇಳಿಸಲಿ. ಆದರೆ ಕೇವಲ ವಯಸ್ಸಿಗೆ ದಂಡ ಹಾಕುವ ಶುಲ್ಕವು ಮೈಗಳ್ಳನ ಗಾಡಿಯನ್ನೂ ಮೈಯೆಲ್ಲ ಕಣ್ಣಾಗಿ ನೋಡಿಕೊಂಡವನ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿಡುತ್ತದೆ. ಶ್ರೀಮಂತನಿಗೆ ಈ ಹತ್ತು ಸಾವಿರ ಲೆಕ್ಕಕ್ಕಿಲ್ಲ. ಸಂಬಳದವನು ಒಂದು ದಿನ ಸೋತು ಸಾಲದ ಮೇಲೆ ಹೊಸದನ್ನು ತರುತ್ತಾನೆ. ಅಂದಿಗೆ ಮೇಸ್ತ್ರಿಗಳ ಕೆಲಸವೂ ಮುಗಿಯುತ್ತದೆ.

ನಾವು ಹೊರಡುವ ಸಂಜೆ ಜಡಿಮಳೆ ಹಿಡಿದಿತ್ತು. ಹಿಂದಿನ ಬಾಗಿಲೆತ್ತಿ, ಕಾಲೇಜಿನ ಪುಸ್ತಕ ಪ್ರದರ್ಶನಕ್ಕೆಂದು ಕಟ್ಟಿದ ಹನ್ನೆರಡು ಗಂಟುಗಳನ್ನೂ ನಮ್ಮ ಪೆಟ್ಟಿಗೆಯನ್ನೂ ಒಳಗಿಟ್ಟರು. ಇನ್ನೂ ಜಾಗ ಉಳಿದಿತ್ತು. ಮುಂದಿನ ಬಾರಿಗೆ ಬೆಲ್ಟು ಸಿಕ್ಕೀತೆ ಎಂದು ಕೇಳಿದೆವು. ಎರಡನ್ನು ಆಗಲೇ ತರಿಸಿಟ್ಟಿದ್ದಾರಂತೆ. ಒಂದು ಮೇಸ್ತ್ರಿಗಳ ಬಳಿ, ಇನ್ನೊಂದು ತಮ್ಮ ಕಪಾಟಿನಲ್ಲಿ, ಕಿಟ್ಟೆಲ್ಲರ ನಿಘಂಟಿನ ಹಿಂದೆ, ಕಾಗದದಲ್ಲಿ ಸುತ್ತಿ. "ಆದರೆ ರಬ್ಬರು ಕಪಾಟಿನಲ್ಲಿದ್ದರೂ ಮುದಿಯಾಗುತ್ತದೆ" ಎಂದು ಹೇಳಿ ಕೀಲಿ ತಿರುಗಿಸಿದರು.