ಚಳಿಗಾಲವೂ ನಮ್ಮ ಮನೆಗಳೂ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೂ ಸ್ಥಾನವುಂಟು. ಹೇಮಂತ ಶಿಶಿರಗಳನ್ನು ಬಣ್ಣಿಸಹೊರಟ ಕವಿಗಳು ಮಾಗಿಯ ಮಂಜನ್ನೂ ತೆನೆಯ ಮೇಲಣ ಹನಿಯನ್ನೂ ಕಂಡು ಹಿಗ್ಗಿದ್ದಾರೆ. ಆದರೆ ತಗಡಿನ ಸೂರಿನ ಕೆಳಗೆ, ತಣ್ಣನೆಯ ಕಲ್ಲುಹಾಸಿನ ಮೇಲೆ ಮಲಗಿ ಬೆಳಗನ್ನು ಎದುರುನೋಡುವವನಿಗೆ ಈ ಎರಡು ಋತುಗಳು ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಆ ರೂಪವನ್ನು ಕುರಿತು ನಮ್ಮ ವಿದ್ಯಾವಂತರು ಸಾಕಷ್ಟು ಆಲೋಚಿಸಿಲ್ಲವೆಂಬುದು ನಮ್ಮ ಅಭಿಪ್ರಾಯ.

ನಮ್ಮದು ಉಷ್ಣಪ್ರದೇಶ, ಚಳಿಯ ಚಿಂತೆ ನಮಗೇಕೆ ಎಂದು ಕೆಲವರು ಕೇಳಬಹುದು. ಬೀದರ, ಕಲಬುರಗಿ, ವಿಜಯಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ವೈಶಾಖದ ಬಿಸಿಲು 40 ಡಿಗ್ರಿಯನ್ನು ದಾಟುವುದು ನಿಜ. ಅದೇ ನೆಲದಲ್ಲಿ ಡಿಸೆಂಬರ್ ಜನವರಿಯ ಇರುಳುಗಳಲ್ಲಿ ಉಷ್ಣತೆಯು 10 ಡಿಗ್ರಿಗಿಂತ ಕೆಳಗಿಳಿಯುವುದೂ ಅಪರೂಪವಲ್ಲ. ಬೀದರವು ಸಮುದ್ರಮಟ್ಟದಿಂದ 2,000 ಅಡಿಗೂ ಮಿಗಿಲಾದ ಎತ್ತರದಲ್ಲಿದೆ. ಚಳಿಗಾಲದಲ್ಲಿ ಇಲ್ಲಿನ ಗಾಳಿ ಒಣಗಿರುತ್ತದೆ, ಆಕಾಶದಲ್ಲಿ ಮೋಡವಿರುವುದಿಲ್ಲ. ಹಗಲೆಲ್ಲ ಕಾದ ನೆಲವು ತನ್ನ ಶಾಖವನ್ನು ಇರುಳಿನಲ್ಲಿ ತೆರೆದ ಬಾನಿಗೆ ಬಿಟ್ಟುಕೊಟ್ಟು ಬೇಗನೆ ತಣಿಯುತ್ತದೆ. ಮಧ್ಯಾಹ್ನದ ಹಿತವಾದ ಬಿಸಿಲನ್ನು ಕಂಡವರು ಬೆಳಗಿನ ಜಾವದ ಈ ಚಳಿಯನ್ನು ಮರೆತುಬಿಡುತ್ತಾರೆ. ಮರೆಯಲಾರದವರು ಹಸುಗೂಸುಗಳು, ವೃದ್ಧರು, ಮತ್ತು ಮಾರ್ಚ್ ತಿಂಗಳ ಪರೀಕ್ಷೆಗಾಗಿ ಐದು ಗಂಟೆಗೇ ಎದ್ದು ಓದಲು ಕುಳಿತ ಮಕ್ಕಳು.

ಗೃಹಸ್ಥನ ಸುಖವನ್ನು ಎಣಿಸಹೊರಟ ಸರ್ವಜ್ಞನು ತನ್ನ ಪ್ರಸಿದ್ಧ ವಚನದಲ್ಲಿ ಮನೆಯ ಬೆಚ್ಚಗನ್ನು ಮೊದಲು ಹೇಳಿ, ಖರ್ಚಿಗೆ ಬೇಕಾದ ಹಣವನ್ನು ಆಮೇಲೆ ಹೇಳಿದ್ದಾನೆ. ಈ ಅನುಕ್ರಮವು ವಿಚಾರಯೋಗ್ಯವಾದುದು. ಹಣವಿದ್ದರೆ ಮಾತ್ರ ಮನೆ ಬೆಚ್ಚಗಾಗುವುದೆಂದು ಇಂದು ನಾವು ತಿಳಿದಿದ್ದೇವೆ. ಇದ್ದ ಶಾಖವು ಹೊರಗೆ ಹೋಗದಂತೆ ಕಾಯುವುದೇ ಮನೆಯನ್ನು ಬೆಚ್ಚಗಿಡುವ ಮುಖ್ಯೋಪಾಯ. ಅದಕ್ಕೆ ಬೇಕಾಗುವ ಹಣ ಅಲ್ಪ, ಬೇಕಾಗುವ ತಿಳಿವಳಿಕೆ ಮಾತ್ರ ಅಧಿಕ. ಈ ತಿಳಿವಳಿಕೆ ನಮ್ಮ ಹಿರಿಯರಲ್ಲಿ ಇತ್ತು.

ಉತ್ತರ ಕರ್ನಾಟಕದ ಹಳೆಯ ಮಾಳಿಗೆಮನೆಯನ್ನು ಸ್ಮರಿಸಿಕೊಳ್ಳಿರಿ. ಎರಡು ಅಡಿಗೆ ಕಡಿಮೆಯಿಲ್ಲದ ಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ದಪ್ಪವಾಗಿ ಹಾಸಿದ ಮಣ್ಣಿನ ಮಾಳಿಗೆ, ಕಿರಿದಾದ ಕಿಟಕಿ, ಮೇಲೊಂದು ಬೆಳಕಿಂಡಿ, ಒಂದು ಪಕ್ಕಕ್ಕೆ ದನದ ಕೊಟ್ಟಿಗೆ. ಹಗಲಿನ ಬಿಸಿಲನ್ನು ದಪ್ಪ ಗೋಡೆ ನಿಧಾನವಾಗಿ ಹೀರಿಕೊಂಡು, ಇರುಳಿನಲ್ಲಿ ಅಷ್ಟೇ ನಿಧಾನವಾಗಿ ಒಳಗಿನವರಿಗೆ ಹಂಚುತ್ತಿತ್ತು. ಕೊಟ್ಟಿಗೆಯ ರಾಸುಗಳ ಮೈಶಾಖವೂ ಅಡಿಗೆಯ ಒಲೆಯ ಕಾವೂ ಅದಕ್ಕೆ ಕೂಡಿಕೊಳ್ಳುತ್ತಿದ್ದುವು. ಬೇಸಗೆಯಲ್ಲಿ ಆ ಮನೆಯೇ ತಂಪು. ಒಂದೇ ಗೋಡೆಯಿಂದ ಎರಡು ಋತುಗಳ ಉಪಕಾರ!

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ವಾದಿಸುವವರು ನಾವಲ್ಲ. ಆ ಮನೆಗಳಲ್ಲಿ ಕತ್ತಲೆಯಿತ್ತು, ಹೊಗೆಯಿತ್ತು. ಹೆಂಗಸರ ಕಣ್ಣು, ಎದೆ ಎರಡೂ ಆ ಹೊಗೆಯಿಂದ ಕೆಟ್ಟುವು. ವರ್ಷವರ್ಷವೂ ಮಾಳಿಗೆಗೆ ಮಣ್ಣು ಹಾಕಬೇಕಾಗುತ್ತಿತ್ತು. ಮಳೆ ಹಿಡಿದರೆ ಸೋರುತ್ತಿತ್ತು. ಜನರು ಅದನ್ನು ಬಿಟ್ಟುದಕ್ಕೆ ಕಾರಣಗಳುಂಟು. ಆದರೆ ಬಿಡುವಾಗ ಹೊಗೆಯನ್ನೂ ಕತ್ತಲೆಯನ್ನೂ ಬಿಡಬೇಕಾಗಿತ್ತೇ ಹೊರತು ಅದರೊಳಗಿದ್ದ ತತ್ತ್ವವನ್ನಲ್ಲ. ಈಗಿನ ತೆಳುಗೋಡೆಯ ಮನೆಗೆ ನಾಲ್ಕೈದು ಅಂಗುಲದ ಕಾಂಕ್ರೀಟಿನ ಹಾಸೇ ಛಾವಣಿ. ಅದಕ್ಕೂ ಅನುಕೂಲವಿಲ್ಲದವನಿಗೆ ತಗಡು. ತಗಡಂತೂ ಸಂಜೆಯಾಗುತ್ತಲೇ ತಣ್ಣಗಾಗುತ್ತದೆ. ಒಳಗಿನವರ ಉಸಿರಿನ ತೇವವೇ ಅದರ ಅಡಿಯಲ್ಲಿ ಹನಿಗಟ್ಟಿ ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುವುದುಂಟು.

ಇದಕ್ಕೆ ವಿದ್ಯುತ್ ಹೀಟರ್ ಪರಿಹಾರವೆಂದು ಅಂಗಡಿಯವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 1,500 ವ್ಯಾಟ್‌ನ ಹೀಟರನ್ನು ಇರುಳಿನ ಎಂಟು ಗಂಟೆ ಎಡೆಬಿಡದೆ ಉರಿಸಿದರೆ 12 ಯೂನಿಟ್ ವಿದ್ಯುತ್ತು ಬೇಕು. ತಿಂಗಳಿಗೆ 360 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಮೇಲ್ಮಿತಿಯೇ 200 ಯೂನಿಟ್. ಈ ಹೀಟರೊಂದೇ ಹದಿನೇಳು ಇರುಳುಗಳಲ್ಲಿ ಆ ಮಿತಿಯನ್ನು ದಾಟುತ್ತದೆ. ಅಷ್ಟು ವೆಚ್ಚದಿಂದ ಹುಟ್ಟಿದ ಶಾಖವಾದರೂ ಸಂದುಬಿಟ್ಟ ಬಾಗಿಲಿನಿಂದಲೂ ತಗಡಿನಿಂದಲೂ ಹೊರಗೆ ಹೋಗುವುದಾದರೆ ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತಾಯಿತು.

ಹೀಟರಿಗೆ ಗತಿಯಿಲ್ಲದವರು ಬಾಂಡಲೆಯಲ್ಲಿ ಕೆಂಡ ತುಂಬಿ ಕೋಣೆಯೊಳಗಿಟ್ಟು ಕದ ಮುಚ್ಚಿ ಮಲಗುತ್ತಾರೆ. ಇದರಷ್ಟು ಭಯಂಕರವಾದ ಅಜ್ಞಾನ ಮತ್ತೊಂದಿಲ್ಲ. ಹೊಗೆಯಾಡದ ಕೆಂಡ ನಿರಪಾಯವೆಂಬುದು ಜನರ ನಂಬಿಕೆ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತವನ್ನು ಸೇರಿ, ಪ್ರಾಣವಾಯುವನ್ನು ಒಯ್ಯುವ ಅದರ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ. ಹೀಗೆ ಇಡೀ ಕುಟುಂಬಗಳು ನಿದ್ರೆಯಲ್ಲಿಯೇ ಮಡಿದ ಸುದ್ದಿಯನ್ನು ನಾವು ಚಳಿಗಾಲದ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅಗ್ಗಿಷ್ಟಿಗೆಯ ಸ್ಥಾನ ಅಂಗಳ, ಮಲಗುವ ಕೋಣೆಯಲ್ಲ. ಈ ಒಂದು ಮಾತನ್ನು ಶಿಕ್ಷಕರು ಪ್ರತಿ ಕಾರ್ತಿಕದಲ್ಲಿ ತರಗತಿಯಲ್ಲಿ ಹೇಳಿದರೆ, ಮಕ್ಕಳ ಮೂಲಕ ಅದು ಮನೆಮನೆಯನ್ನು ತಲಪೀತು.

ಹಾಗಾದರೆ ಶಾಖ ಬರಬೇಕಾದುದು ಎಲ್ಲಿಂದ? ನಮ್ಮ ದೇಹವೇ ಒಂದು ಒಲೆ. ನಿದ್ರಿಸುವ ವಯಸ್ಕನ ಮೈಯಿಂದ 70-80 ವ್ಯಾಟ್‌ಗಳಷ್ಟು ಶಾಖ ಸದಾ ಹೊಮ್ಮುತ್ತಿರುತ್ತದೆ. ನಾಲ್ವರು ಮಲಗಿದ ಕೋಣೆಯಲ್ಲಿ ಸುಮಾರು 300 ವ್ಯಾಟ್‌ನ ಒಲೆ ವೆಚ್ಚವಿಲ್ಲದೆ ಉರಿಯುತ್ತಿರುತ್ತದೆ ಎಂದಾಯಿತು. ಅದನ್ನು ಕಾಯುವುದಷ್ಟೇ ನಮ್ಮ ಕೆಲಸ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಇಟ್ಟು ನಮ್ಮ ತಾಯಂದಿರು ಹೊಲಿದ ಕೌದಿಯು ಮಾಡುವುದು ಇದನ್ನೇ. ಪದರಗಳ ನಡುವೆ ಸಿಕ್ಕಿಕೊಂಡ ಅಲುಗಾಡದ ಗಾಳಿಯೇ ಶಾಖವನ್ನು ತಡೆಯುವ ಗೋಡೆ. ಚಳ್ಳಕೆರೆಯ ಕಂಬಳಿಯ ಉಣ್ಣೆಯೂ ಇದೇ ಗಾಳಿಯನ್ನು ಹಿಡಿದಿಡುತ್ತದೆ. ಮೇಲಾಗಿ ಕೊಂಚ ತೇವವಾದರೂ ಅದು ತನ್ನ ಗುಣವನ್ನು ಪೂರ್ತಿ ಬಿಡುವುದಿಲ್ಲ. ಕೌದಿ ಹೊಲಿಯುವ ಕೈಗಳು, ಕಂಬಳಿ ನೇಯುವ ಮಗ್ಗಗಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ, ಅವುಗಳನ್ನು ಕೊಳ್ಳುವುದು ಬೆಚ್ಚಗಿರುವುದಕ್ಕೂ ಕಸುಬು ಉಳಿಯುವುದಕ್ಕೂ ನೆರವಾಗುತ್ತದೆ.

ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ. ಶಹಾಬಾದಿನ ಕಲ್ಲುಹಾಸು ಬೇಸಗೆಯಲ್ಲಿ ಸುಖ, ಚಳಿಗಾಲದಲ್ಲಿ ಶತ್ರು. ಮೇಲೆ ಮೂರು ಹೊದ್ದು ಕೆಳಗೆ ಬರಿಯ ಚಾಪೆ ಹಾಸಿದವನ ಶಾಖವನ್ನು ನೆಲ ನುಂಗುತ್ತದೆ. ಹೊದಿಕೆಗಳಲ್ಲೊಂದನ್ನು ಕೆಳಕ್ಕೆ ಹಾಸಿದರೆ ಹೆಚ್ಚು ಹಿತ. ಚಾಪೆಯ ಅಡಿಗೆ ಒಣಹುಲ್ಲು ತುಂಬಿದ ಗೋಣಿಚೀಲವಿದ್ದರೆ ಇನ್ನೂ ಲೇಸು. ಹಾಸಿಗೆಯನ್ನು ಹಗಲು ಬಿಸಿಲಿಗೆ ಹಾಕಿ, ಸಂಜೆಗೆ ಮುಂಚೆ ಒಳಗೆ ತರಬೇಕು. ಪುಷ್ಯಮಾಸದ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ಬೀದರದಲ್ಲಿ ನಡುಹಗಲಿನ ಸೂರ್ಯನ ಎತ್ತರ ಸುಮಾರು 49 ಡಿಗ್ರಿ ಮಾತ್ರ. ಆದುದರಿಂದ ತೆಂಕಣ ಕಿಟಕಿಯನ್ನು ಹಗಲು ತೆರೆದಿಟ್ಟು ಬಿಸಿಲನ್ನು ಬರಗೊಟ್ಟು, ಹೊತ್ತು ಮುಳುಗುವ ಮೊದಲೇ ಮುಚ್ಚುವುದು ಜಾಣತನ. ಬಾಗಿಲಿನ ಅಡಿಯ ಸಂದಿಗೆ ಮರಳು ತುಂಬಿದ ಬಟ್ಟೆಯ ಸುರುಳಿ ಸಾಕು. ತಗಡಿನ ಒಂದು ಗೇಣು ಕೆಳಗೆ ಬಿದಿರಿನ ತಟ್ಟಿಯನ್ನು ಕಟ್ಟಿದರೆ ನಡುವಣ ಗಾಳಿಯೇ ಹೊದಿಕೆಯಾಗುತ್ತದೆ. ಒಲೆಯ ಮೇಲ್ಭಾಗದಲ್ಲಿ ಮಾತ್ರ ಇದನ್ನು ಕಟ್ಟಲಾಗದು. ಇಷ್ಟಾದರೂ ಉಸಿರಾಟಕ್ಕಾಗಿ ಮೇಲೊಂದು ಗವಾಕ್ಷಿ ತೆರೆದಿರತಕ್ಕದ್ದು. ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಸಂಕ್ರಾಂತಿಯ ಎಳ್ಳುಬೆಲ್ಲಗಳು ದೇಹದ ಒಲೆಗೆ ಹಾಕುವ ಉರುವಲೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಯದಾಗಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ಶಾಲೆಗೆ, ವಿದ್ಯಾರ್ಥಿನಿಲಯಕ್ಕೆ ತಂದೆತಾಯಿಗಳ ಹೆಸರಿನಲ್ಲಿ ಕೋಣೆ ಕಟ್ಟಿಸಿಕೊಡುವ ಔದಾರ್ಯ ನಮ್ಮ ನಾಡಿನಲ್ಲಿ ಇನ್ನೂ ಬತ್ತಿಲ್ಲ; ಅದಕ್ಕೆ ನಾವು ಋಣಿಗಳು. ಆದರೆ ಗೋಡೆಗೆ ಕೂಡಿಸುವ ಹೆಸರಿನ ಕಲ್ಲಿಗೆ ಕೊಡುವ ಗಮನವನ್ನು ಛಾವಣಿಗೂ ಕೊಡಬೇಕೆಂದು ಬೇಡುತ್ತೇವೆ. ಕಾಂಕ್ರೀಟಿನ ಮೇಲೆ ಸುಣ್ಣ ಮತ್ತು ಇಟ್ಟಿಗೆಚೂರಿನ ಗಾರೆಯನ್ನು ದಪ್ಪವಾಗಿ ಹಾಕಿಸಿದರೆ ವೈಶಾಖದ ಬೇಗೆ, ಪುಷ್ಯದ ಚಳಿ ಎರಡೂ ತಗ್ಗುತ್ತವೆ. ಹಳೆಯ ವಿದ್ಯಾರ್ಥಿಗಳು ತಲೆಗೊಂದು ಕಂಬಳಿಯನ್ನೋ ಕೌದಿಯನ್ನೋ ನಿಲಯಕ್ಕೆ ಕೊಟ್ಟರೆ ಅದು ಹಲವು ಮಾಗಿಗಳನ್ನು ಕಂಡೀತು. ಕಟ್ಟಡದ ನಕ್ಷೆಯನ್ನು ಒಪ್ಪುವ ಮುನ್ನ ಆಡಳಿತ ಮಂಡಲಿಯವರು ಒಂದು ಪ್ರಶ್ನೆ ಕೇಳಲಿ: ಜನವರಿಯ ಬೆಳಗಿನ ನಾಲ್ಕು ಗಂಟೆಗೆ ಈ ಕೋಣೆಯಲ್ಲಿ ಮಲಗಿದ ಮಗುವಿನ ಕೈಕಾಲು ಬೆಚ್ಚಗಿರುವುವೆ? ಹೌದೆಂಬ ಉತ್ತರ ಬರುವವರೆಗೆ ನಕ್ಷೆಯನ್ನು ತಿದ್ದಲಿ.